ಪೈನ್ ಮರದ ಮೆರವಣಿಗೆ ಹುಳು: ಚಳಿಗಾಲದಲ್ಲಿ ಬೆಳೆಯುವ ಪತಂಗದ ವರ್ಷಚಕ್ರ

ಪ್ರಶ್ನೆ: ದಕ್ಷಿಣ ಯುರೋಪಿನ ಪೈನ್ ಕಾಡುಗಳಲ್ಲಿ ಚಳಿಗಾಲದ ಹೊತ್ತಿಗೆ ಕೊಂಬೆಗಳ ತುದಿಯಲ್ಲಿ ಬಿಳಿ ಬಲೆಯ ಗೂಡುಗಳು ಕಾಣಿಸುತ್ತವೆ, ಕೆಲವು ತಿಂಗಳ ಬಳಿಕ ಅವುಗಳಿಂದ ಇಳಿದ ಕಂಬಳಿಹುಳುಗಳು ಒಂದರ ಹಿಂದೊಂದು ಸಾಲುಗಟ್ಟಿ ನೆಲದ ಮೇಲೆ ಸಾಗುತ್ತವೆ ಎಂದು ಓದಿದ್ದೇನೆ. ಕೀಟಗಳು ಸಾಮಾನ್ಯವಾಗಿ ಸುಪ್ತವಾಗಿರುವ ಚಳಿಗಾಲದಲ್ಲೇ ಇವು ತಿಂದು ಬೆಳೆಯುವುದು ಹೇಗೆ? ಮೊಟ್ಟೆಯಿಂದ ಪತಂಗದವರೆಗಿನ ಇವುಗಳ ಜೀವನಕ್ರಮವೇನು? ಒಂದೆರಡು ವರ್ಷ ಗೂಡುಗಳೇ ಕಾಣದ ತೋಪಿನಲ್ಲಿ ಇದ್ದಕ್ಕಿದ್ದಂತೆ ಮತ್ತೆ ಗೂಡುಗಳು ತುಂಬಿಕೊಳ್ಳುವುದೇಕೆ?

ಉತ್ತರ: ನೀವು ಕೇಳಿರುವುದು ಪೈನ್ ಮೆರವಣಿಗೆ ಪತಂಗದ ಬಗ್ಗೆ. ಇದರ ವೈಜ್ಞಾನಿಕ ಹೆಸರು ಥೌಮೆಟೊಪಿಯ ಪಿಟಿಯೊಕ್ಯಾಂಪ. 1775ರಲ್ಲಿ ಡೆನಿಸ್ ಮತ್ತು ಶಿಫರ್‌ಮ್ಯೂಲರ್ ಎಂಬ ಇಬ್ಬರು ಇದನ್ನು ವಿವರಿಸಿ ದಾಖಲಿಸಿದರು. ಹೆಸರಿನ ಎರಡನೆಯ ಪದ ಗ್ರೀಕ್ ಮೂಲದ್ದು, ‘ಪೈನ್ ಮರದ ಕಂಬಳಿಹುಳು’ ಎಂಬುದೇ ಅದರ ಅರ್ಥ. ಪೋರ್ಚುಗಲ್, ಸ್ಪೇನ್, ದಕ್ಷಿಣ ಫ್ರಾನ್ಸ್, ಇಟಲಿ, ಗ್ರೀಸ್ ಮತ್ತು ಉತ್ತರ ಆಫ್ರಿಕಾದ ಪೈನ್ ಕಾಡುಗಳು ಇದರ ನೆಲೆ. ಅಟ್ಲಾಸ್ ಪರ್ವತಗಳ ದೇವದಾರು ಮರಗಳನ್ನೂ ಇದು ಬಿಡುವುದಿಲ್ಲ. ಟರ್ಕಿ, ಸೈಪ್ರಸ್, ಇಸ್ರೇಲ್‌ಗಳಲ್ಲಿ ಇದರ ಹತ್ತಿರದ ಸಂಬಂಧಿಯಾದ ಇನ್ನೊಂದು ಪ್ರಭೇದವಿದೆ.

ನಿಮ್ಮ ಮೂರು ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಮೂರಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಈ ಕೀಟದ ಜೀವನದಲ್ಲಿ ಎರಡು ದೀರ್ಘ ಅವಧಿಗಳಿವೆ: ಮರದ ಮೇಲೆ ಹುಳುವಾಗಿ ಕಳೆಯುವ ಅವಧಿ ಮತ್ತು ಮಣ್ಣಿನೊಳಗೆ ಕೋಶವಾಗಿ, ಅಂದರೆ ಹುಳು ಪತಂಗವಾಗಿ ಮಾರ್ಪಡುವ ಹಂತದಲ್ಲಿ, ಕಳೆಯುವ ಅವಧಿ. ಮರದ ಮೇಲಿನ ಬದುಕಿನ ವೇಗವನ್ನು ಚಳಿ ನಿರ್ಧರಿಸುತ್ತದೆ. ಅಲ್ಲಾದ ಏರುಪೇರನ್ನು ಮಣ್ಣಿನೊಳಗಿನ ಬದುಕು ಹಿಗ್ಗಿಯೋ ಕುಗ್ಗಿಯೋ ಸರಿದೂಗಿಸುತ್ತದೆ. ಸಾಮಾನ್ಯವಾಗಿ ಮೆರವಣಿಗೆಯ ಬಗ್ಗೆ, ಹುಳುವಿನ ವಿಷಗೂದಲಿನ ಬಗ್ಗೆ ಸಾಕಷ್ಟು ಬರೆಯುತ್ತಾರೆ. ಆದರೆ ಈ ಕೀಟವನ್ನು ನಿಜವಾಗಿ ಅರ್ಥಮಾಡಿಕೊಳ್ಳಬೇಕಾದರೆ ಯಾರ ಕಣ್ಣಿಗೂ ಬೀಳದ ಆ ಮಣ್ಣಿನೊಳಗಿನ ತಿಂಗಳುಗಳನ್ನು ಗಮನಿಸಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಪತಂಗದಿಂದ ಆರಂಭಿಸೋಣ. ಬೇಸಿಗೆಯ ಸಂಜೆ, ಕತ್ತಲು ಕವಿಯುವ ಹೊತ್ತಿಗೆ, ಪತಂಗ ಮಣ್ಣನ್ನು ಸೀಳಿಕೊಂಡು ಮೇಲೆ ಬರುತ್ತದೆ. ಅದರ ಹಣೆಯ ಮೇಲೆ ಗಟ್ಟಿಯಾದ, ಮೆಟ್ಟಿಲು ಮೆಟ್ಟಿಲಾದ ಒಂದು ಏಣು ಇದ್ದು, ಕೋಶವನ್ನು ಒಡೆದು ಮಣ್ಣನ್ನು ತಳ್ಳಿ ಹೊರಬರಲು ಅದೇ ಸಾಧನ. ಹೊರಬಂದ ಪತಂಗ ಹತ್ತಿರದ ಹುಲ್ಲನ್ನೋ ಕಡ್ಡಿಯನ್ನೋ ಏರಿ ಮುದುರಿದ ರೆಕ್ಕೆಗಳನ್ನು ಹರಡಿಕೊಳ್ಳುತ್ತದೆ. ರೆಕ್ಕೆಯ ಹರವು ಮೂರರಿಂದ ಐದು ಸೆಂಟಿಮೀಟರ್‌ನಷ್ಟು. ಮುಂದಿನ ರೆಕ್ಕೆಗಳು ಬೂದು ಬಣ್ಣದವು, ಅಡ್ಡಡ್ಡ ಕಪ್ಪು ಗೆರೆಗಳುಳ್ಳವು. ಇದು ಏನನ್ನೂ ತಿನ್ನುವುದಿಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬೇ ಇದರ ಬುತ್ತಿ. ಹೆಣ್ಣು ಬದುಕುವುದು ಒಂದೆರಡು ದಿನ, ಗಂಡು ಅದಕ್ಕಿಂತ ತುಸು ಹೆಚ್ಚು. ಇಷ್ಟು ಕಡಿಮೆ ಸಮಯದಲ್ಲಿ ಗಂಡು ಹೆಣ್ಣು ಒಂದನ್ನೊಂದು ಕಂಡುಕೊಳ್ಳಬೇಕಾದ್ದರಿಂದ ಹೆಣ್ಣು ಗಾಳಿಗೆ ಒಂದು ಫೆರೋಮೋನ್ ಅನ್ನು, ಅಂದರೆ ತನ್ನ ಜಾತಿಯವಕ್ಕೆ ಸುಳಿವು ಕೊಡುವ ರಾಸಾಯನಿಕವನ್ನು, ಬಿಡುತ್ತದೆ. ಆ ರಾಸಾಯನಿಕವನ್ನು ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಗುರುತಿಸಿದರು. ಈಗ ಗಂಡುಗಳನ್ನು ಸೆಳೆದು ಎಣಿಸುವ ಬೋನುಗಳಲ್ಲಿ ಅದನ್ನೇ ಬಳಸಲಾಗುತ್ತದೆ.

ಕೂಡಿದ ಹೆಣ್ಣು ಪೈನ್ ಮರವನ್ನು ಹುಡುಕಿ, ಒಂದು ಜೋಡಿ ಸೂಜಿಯೆಲೆಗಳನ್ನು ಕಾಲುಗಳಿಂದ ಒಟ್ಟಿಗೆ ಹಿಡಿದು, ಬುಡದಿಂದ ಮೇಲಕ್ಕೆ ಸುತ್ತು ಸುತ್ತಾಗಿ ಮೊಟ್ಟೆಗಳನ್ನು ಅಂಟಿಸುತ್ತಾ ಹೋಗುತ್ತದೆ. ಒಂದು ಹೆಣ್ಣು ಇಡುವ ಮೊಟ್ಟೆಗಳು ಸುಮಾರು 70ರಿಂದ 300. ಮೊಟ್ಟೆಗಳನ್ನು ಇಡುತ್ತಿರುವಂತೆಯೇ ತನ್ನ ಹೊಟ್ಟೆಯ ತುದಿಯಲ್ಲಿರುವ ಕಂದು ಹುರುಪೆಗಳನ್ನು ಕಳಚಿ ಅವುಗಳ ಮೇಲೆ ಹಂಚಿನ ಮಾಡಿನಂತೆ ಹೊದಿಸುತ್ತದೆ. ಈ ಮೊಟ್ಟೆಗೊಂಚಲನ್ನು ಕೈಯಲ್ಲಿ ಹಿಡಿದು ನೋಡಬೇಕು. ಎರಡು ಮೂರು ಸೆಂಟಿಮೀಟರ್ ಉದ್ದದ, ಎಲೆಗೆ ತೊಡಿಸಿದ ತೋಳಿನಂತಹ ಒಂದು ಕೊಳವೆ. ಮೇಲ್ನೋಟಕ್ಕೆ ಒಣಗಿದ ಮೊಗ್ಗೋ ತೊಗಟೆಯ ಚೂರೋ ಎನಿಸುತ್ತದೆ. ಹುರುಪೆಗಳೆಲ್ಲ ಒಂದೇ ದಿಕ್ಕಿಗೆ ಬಾಗಿರುತ್ತವೆ. ಉಗುರಿನಿಂದ ಮೆಲ್ಲನೆ ಅವನ್ನು ಕೆರೆದರೆ, ಒಳಗೆ ಜೋಳದ ತೆನೆಯ ಕಾಳುಗಳಂತೆ ಸಾಲು ಸಾಲಾಗಿ ಕೂತ ಬಿಳಿಯ ಮೊಟ್ಟೆಗಳು ಹೊಳೆಯುತ್ತವೆ. ಹುರುಪೆಯ ಈ ಹೊದಿಕೆ ಇದ್ದರೂ ಮೊಟ್ಟೆಗಳಿಗೆ ಪೂರ್ಣ ರಕ್ಷಣೆ ಇಲ್ಲ. ಅತಿ ಸಣ್ಣ ಪರಾವಲಂಬಿ ಕಣಜಗಳು ಹುರುಪೆಗಳ ಸಂದಿಯಲ್ಲಿ ತೂರಿ ಮೊಟ್ಟೆಯೊಳಗೆ ತಮ್ಮ ಮೊಟ್ಟೆಯನ್ನು ಇಡುತ್ತವೆ. ಕೆಲವು ಬಗೆಯ ಮಿಡತೆಗಳು ಗೊಂಚಲನ್ನೇ ಕಡಿದು ತಿನ್ನುತ್ತವೆ. ಖಾಲಿಯಾದ ಗೊಂಚಲಿನ ತೂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುಳು ಹೊರಬಂದ ತೂತು ಯಾವುದು, ಕಣಜ ಹೊರಬಂದ ತೂತು ಯಾವುದು ಎಂದು ಬಿಡಿಸಿ ಹೇಳಬಹುದು.

ಮೊಟ್ಟೆಗಳು ಒಡೆಯಲು ಸುಮಾರು ಒಂದು ತಿಂಗಳಿಂದ ಒಂದೂವರೆ ತಿಂಗಳು ಬೇಕು. ಹೊರಬಂದ ಮರಿಹುಳುವಿಗೆ ದೇಹಕ್ಕೆ ಹೋಲಿಸಿದರೆ ದೊಡ್ಡ ತಲೆಯೂ ಗಟ್ಟಿ ದವಡೆಗಳೂ ಇರುತ್ತವೆ; ಬಲಿತ ಸೂಜಿಯೆಲೆ ಅಷ್ಟು ಒರಟು. ಮೊದಲಿಗೆ ಅವು ಎಲೆಯ ಅಂಚನ್ನಷ್ಟೇ ಕೆರೆದು ತಿನ್ನುವುದರಿಂದ ಎಲೆಗಳು ಹಳದಿಯಾಗಿ ಒಣಗುತ್ತವೆ. ಬೇಸಿಗೆಯ ಕೊನೆಯಲ್ಲಿ ಕೊಂಬೆಯೊಂದರ ಒಂದು ಹಿಡಿ ಎಲೆ ಮಾತ್ರ ಹಳದಿಗೆ ತಿರುಗಿ, ಅದರ ಸುತ್ತ ತೆಳುವಾದ ಎಳೆಗಳು ಕಂಡರೆ ಅದು ಈ ಹುಳುವಿನ ಮೊದಲ ಸುಳಿವು. ರೇಷ್ಮೆಹುಳುವಿನಂತೆಯೇ ಇದಕ್ಕೂ ಐದು ಹಂತಗಳು, ನಾಲ್ಕು ಬಾರಿ ಪೊರೆ ಕಳಚುವಿಕೆ. ಒಂದು ಗೊಂಚಲಿನಿಂದ ಹುಟ್ಟಿದವೆಲ್ಲ ಒಟ್ಟಿಗೇ ಇರುತ್ತವೆ. ಎಳೆಯ ಹಂತಗಳಲ್ಲಿ ತಾತ್ಕಾಲಿಕವಾದ ತೆಳು ಗೂಡುಗಳನ್ನು ನೇಯ್ದು, ಅಲ್ಲಿಯ ಎಲೆ ಮುಗಿದೊಡನೆ ಮುಂದಿನ ಕೊಂಬೆಗೆ ಹೋಗುತ್ತವೆ. ದಾರಿಯಲ್ಲಿ ಬೇರೆ ಗೊಂಚಲಿನ ಹುಳುಗಳು ಸಿಕ್ಕರೆ ಎರಡು ಗುಂಪುಗಳೂ ಬೆರೆತು ಒಂದಾಗುವುದುಂಟು. ದೊಡ್ಡ ಗುಂಪಿಗೆ ಚಳಿಯಲ್ಲಿ ಉಳಿಯುವ ಅವಕಾಶ ಹೆಚ್ಚು.

ಇನ್ನು ಚಳಿಗಾಲದ ವಿಷಯ. ಹವೆ ತಂಪಾಗುತ್ತಿದ್ದಂತೆ ಹುಳುಗಳು ಅಲೆದಾಟ ನಿಲ್ಲಿಸಿ ಒಂದು ಕಾಯಂ ಗೂಡನ್ನು ಕಟ್ಟುತ್ತವೆ. ನೀವು ಹೇಳಿದ ಬಿಳಿ ಗೂಡು ಇದೇ. ಇದನ್ನು ಸಾಮಾನ್ಯವಾಗಿ ಮರದ ಮೇಲ್ಭಾಗದಲ್ಲಿ, ಬಿಸಿಲು ಚೆನ್ನಾಗಿ ಬೀಳುವ ದಕ್ಷಿಣ ದಿಕ್ಕಿನ ಕೊಂಬೆಗಳ ತುದಿಯಲ್ಲಿ ಕಟ್ಟುತ್ತವೆ. ಪ್ರತಿ ರಾತ್ರಿ ಹೊರಗೆ ಹೋಗಿ ಬರುವ ಹುಳುಗಳು ಗೂಡಿನ ಮೇಲೆ ಒಂದಿಷ್ಟು ಎಳೆ ಸೇರಿಸುವುದರಿಂದ ಅದು ಪದರ ಪದರವಾಗಿ ದಪ್ಪವಾಗುತ್ತದೆ. ಗೂಡಿಗೆ ಬಾಗಿಲಿಲ್ಲ, ಹುಳುಗಳು ಎಳೆಗಳ ನಡುವೆಯೇ ಜಾಗ ಮಾಡಿಕೊಂಡು ಒಳಗೆ ಹೊರಗೆ ಓಡಾಡುತ್ತವೆ. ಒಳಗಿನ ಕೆಳಭಾಗದಲ್ಲಿ ಹಿಕ್ಕೆಗಳೂ ಕಳಚಿದ ಪೊರೆಗಳೂ ರಾಶಿಬಿದ್ದಿರುತ್ತವೆ.

ಹಗಲಿನಲ್ಲಿ ಹುಳುಗಳೆಲ್ಲ ಗೂಡಿನೊಳಗೆ ಒತ್ತೊತ್ತಾಗಿ ಇರುತ್ತವೆ. ಬಿಸಿಲು ಬಿದ್ದ ಗೂಡಿನ ಒಳಗಿನ ಉಷ್ಣತೆ ಹೊರಗಿನ ಗಾಳಿಗಿಂತ ಹಲವು ಡಿಗ್ರಿ ಹೆಚ್ಚಿರುತ್ತದೆ. ರಾತ್ರಿಯಾದ ಮೇಲೆ, ಹಕ್ಕಿಗಳ ಕಾಟವಿಲ್ಲದ ಹೊತ್ತಿನಲ್ಲಿ, ಹೊರಬಂದು ಎಲೆ ತಿಂದು, ಬೆಳಗಾಗುವುದರೊಳಗೆ ಮರಳುತ್ತವೆ. ತಿಂದದ್ದು ಜೀರ್ಣವಾಗುವುದು ಮರುದಿನದ ಬಿಸಿಲಿನಲ್ಲಿ ಬೆಚ್ಚಗಾದ ಗೂಡಿನೊಳಗೆ. ಇಟಲಿ ಮತ್ತು ಫ್ರಾನ್ಸಿನ ಸಂಶೋಧಕರು ಇದರ ಲೆಕ್ಕವನ್ನು ಸ್ಪಷ್ಟವಾಗಿ ಬಿಡಿಸಿಟ್ಟಿದ್ದಾರೆ: ಹಗಲು ಗೂಡಿನೊಳಗಿನ ಉಷ್ಣತೆ 9 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಆ ರಾತ್ರಿಯ ಗಾಳಿಯ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯಬಾರದು. ಈ ಎರಡೂ ಕೂಡಿಬಂದ ರಾತ್ರಿ ಹುಳುಗಳು ಮೇಯಲು ಹೊರಡುತ್ತವೆ, ಇಲ್ಲವಾದರೆ ಹಸಿದೇ ಗೂಡಿನೊಳಗೆ ಉಳಿಯುತ್ತವೆ. ಹಾಗಾಗಿ ಈ ಹುಳುಗಳನ್ನು ಚಳಿ ಎರಡು ಬಗೆಯಲ್ಲಿ ಕೊಲ್ಲಬಲ್ಲದು. ಉಷ್ಣತೆ ಸೊನ್ನೆಗಿಂತ ಹದಿನೈದು ಹದಿನಾರು ಡಿಗ್ರಿ ಕೆಳಗಿಳಿದರೆ ನೇರವಾಗಿ ಸಾಯುತ್ತವೆ. ಅಷ್ಟು ಕೊರೆಯದಿದ್ದರೂ ಮೋಡ ಮುಸುಕಿದ ತಣ್ಣನೆಯ ದಿನಗಳು ಬಹುಕಾಲ ಮುಂದುವರಿದರೆ ಹಸಿವಿನಿಂದ ಸೊರಗಿ ಸಾಯುತ್ತವೆ.

ಇಷ್ಟು ಕಷ್ಟಪಟ್ಟು ಚಳಿಗಾಲದಲ್ಲೇ ಏಕೆ ತಿನ್ನಬೇಕು ಎಂದು ನೀವು ಕೇಳಬಹುದು. ಮೆಡಿಟರೇನಿಯನ್ ಪ್ರದೇಶದಲ್ಲಿ ಜೀವಿಗಳಿಗೆ ಕಷ್ಟದ ಕಾಲವೆಂದರೆ ಒಣ ಬೇಸಿಗೆಯೇ. ಅಲ್ಲಿನ ಚಳಿಗಾಲ ತೇವದ್ದು, ಬಹುಮಟ್ಟಿಗೆ ಸೌಮ್ಯವಾದದ್ದು. ಪೈನ್ ಮರ ವರ್ಷವಿಡೀ ಹಸಿರಾಗಿರುವುದರಿಂದ ಆಹಾರಕ್ಕೂ ಕೊರತೆಯಿಲ್ಲ. ಇದೇ ಕುಲದ, ಪೈನ್ ಮರವನ್ನೇ ತಿನ್ನುವ ಇನ್ನೊಂದು ಪ್ರಭೇದ ಬಾಲ್ಟಿಕ್ ತೀರದಂತಹ ಉತ್ತರದ ನೆಲೆಗಳಲ್ಲಿದೆ. ಅಲ್ಲಿ ಹುಳುವಾಗಿ ಚಳಿಗಾಲ ದಾಟುವುದು ಅಸಾಧ್ಯವಾದ್ದರಿಂದ ಅದು ಒಂದು ಚಳಿಗಾಲವನ್ನು ಮೊಟ್ಟೆಯಾಗಿ, ಇನ್ನೊಂದನ್ನು ಕೋಶವಾಗಿ ಕಳೆದು ಎರಡು ವರ್ಷಕ್ಕೆ ಒಂದು ಪೀಳಿಗೆ ಮುಗಿಸುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಪತಂಗದ ಕ್ರಮ ಎಷ್ಟರಮಟ್ಟಿಗೆ ದಕ್ಷಿಣದ ಹವೆಗೆ ಹೊಂದಿಕೊಂಡದ್ದು ಎಂಬುದು ತಿಳಿಯುತ್ತದೆ. ಮರದ ಕಡೆಯಿಂದ ನೋಡಿದರೂ ಈ ಕ್ರಮದಲ್ಲಿ ಒಂದು ಅನುಕೂಲವಿದೆ: ಹುಳುಗಳು ಹಳೆಯ ಎಲೆಗಳನ್ನು ತಿಂದು ಇಳಿದುಹೋದ ಮೇಲೆ ವಸಂತದ ಹೊಸ ಚಿಗುರು ಬರುತ್ತದೆ. ಆದ್ದರಿಂದ ಪೂರ್ತಿ ಬೋಳಾದ ದೊಡ್ಡ ಮರವೂ ಸಾಮಾನ್ಯವಾಗಿ ಸಾಯುವುದಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ. ಎಳೆಯ ನೆಡುತೋಪುಗಳಿಗೆ ಮಾತ್ರ ಪೆಟ್ಟು ಜೋರು, ಮತ್ತು ಮತ್ತೆ ಮತ್ತೆ ಬೋಳಾಗಿ ಸೊರಗಿದ ಮರಗಳಿಗೆ ತೊಗಟೆ ಕೊರೆಯುವ ದುಂಬಿಗಳು ಬೀಳುತ್ತವೆ.

ಮೂರನೆಯ ಹಂತದಿಂದ ಹುಳುವಿನ ಬೆನ್ನ ಮೇಲೆ ನವೆ ತರುವ ಕೂದಲುಗಳು ಮೂಡುತ್ತವೆ. ಮೇಲೆ ಕಾಣುವ ಉದ್ದನೆಯ ಕೂದಲುಗಳು ಇವಲ್ಲ. ಹೊಟ್ಟೆಭಾಗದ ಖಂಡಗಳ ಬೆನ್ನಿನ ಮೇಲೆ ಮಡಚಿದ ಒಂದೊಂದು ತಾಣವಿದ್ದು, ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟೇ ಉದ್ದದ, ಮುಳ್ಳುಗಳುಳ್ಳ ಸೂಕ್ಷ್ಮ ಕೂದಲುಗಳು ಲಕ್ಷಗಟ್ಟಲೆ ಅಲ್ಲಿ ತುಂಬಿರುತ್ತವೆ. ಹುಳು ಬೆದರಿದಾಗ ಆ ಮಡಿಕೆ ಬಿಚ್ಚಿಕೊಂಡು ಅವು ಗಾಳಿಗೆ ಹಾರುತ್ತವೆ. ಅವುಗಳೊಳಗಿನ ಪ್ರೋಟೀನು ಚರ್ಮಕ್ಕೆ ದದ್ದು, ಕಣ್ಣಿಗೆ ಉರಿಯೂತ, ಕೆಲವರಿಗೆ ಉಸಿರಾಟದ ತೊಂದರೆ ತರುತ್ತದೆ. ಹುಳುವನ್ನು ಮೂಸಿದ ಅಥವಾ ನೆಕ್ಕಿದ ನಾಯಿಯ ನಾಲಿಗೆ ಊದಿಕೊಂಡು ಅದರ ಒಂದು ಭಾಗವೇ ಸತ್ತುಹೋಗುವಷ್ಟು ಅಪಾಯವಿದೆ. ಅಂಥ ನಾಯಿಯನ್ನು ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಲೇಬೇಕು. ಹುಳುಗಳು ಬಿಟ್ಟುಹೋದ ಹಳೆಯ ಗೂಡಿನಲ್ಲೂ ಈ ಕೂದಲುಗಳು ಬಹುಕಾಲ ಚುರುಕಾಗಿಯೇ ಉಳಿಯುತ್ತವೆ ಎಂಬುದನ್ನು ಮರೆಯಬಾರದು. ಫ್ರಾನ್ಸ್ ಸರ್ಕಾರ 2022ರ ಏಪ್ರಿಲ್‌ನಲ್ಲಿ ಮೆರವಣಿಗೆ ಹುಳುಗಳನ್ನು ಮಾನವನ ಆರೋಗ್ಯಕ್ಕೆ ಹಾನಿಕರವಾದ ಜೀವಿಗಳ ಪಟ್ಟಿಗೆ ಸೇರಿಸಿದ್ದು ಈ ಕಾರಣಕ್ಕೇ.

ಐದನೆಯ ಹಂತದಲ್ಲಿ ಹುಳು ಸುಮಾರು ನಾಲ್ಕು ಸೆಂಟಿಮೀಟರ್ ಉದ್ದವಾಗುತ್ತದೆ. ಆಗ ಒಂದು ದಿನ ಇಡೀ ಗುಂಪು ಗೂಡನ್ನು ತೊರೆದು ಕಾಂಡದ ಮೇಲಿಂದ ಇಳಿದು, ಹಿಂದಿನ ಹುಳುವಿನ ತಲೆ ಮುಂದಿನದರ ಬಾಲಕ್ಕೆ ತಾಗುವಂತೆ ಸಾಲುಗಟ್ಟಿ ಹೊರಡುತ್ತದೆ. ಕೋಶ ಕಟ್ಟಲು ತಕ್ಕ ಜಾಗ, ಅಂದರೆ ಬಿಸಿಲು ಬೀಳುವ ಸಡಿಲ ಮಣ್ಣು, ಸಿಗುವವರೆಗೆ ಈ ನಡಿಗೆ. ಫ್ರಾನ್ಸಿನ ಕೀಟತಜ್ಞ ಜಾನ್ ಆನ್ರಿ ಫಾಬ್ರ್ 1896ರ ಜನವರಿ ಕೊನೆಯಲ್ಲಿ ಕಂಡ ದೃಶ್ಯವನ್ನು ಇಲ್ಲಿ ನೆನೆಯಲೇಬೇಕು. ಮೇಯಲು ಹೊರಟ ಹುಳುಗಳ ಸಾಲೊಂದು ದೊಡ್ಡ ಹೂಕುಂಡದ ಅಂಚನ್ನು ಏರಿತು. ಸಾಲು ಅಂಚನ್ನು ಒಂದು ಸುತ್ತು ತುಂಬುತ್ತಲೇ ಅವರು ಉಳಿದ ಹುಳುಗಳನ್ನು ಪಕ್ಕಕ್ಕೆ ಸರಿಸಿ, ಕುಂಡದ ಮೈಮೇಲಿದ್ದ ಎಳೆಗಳನ್ನು ಒರೆಸಿಹಾಕಿದರು. ಮೊದಲೂ ಕೊನೆಯೂ ಇಲ್ಲದಂತಾದ ಆ ಸಾಲು, ರಾತ್ರಿಯ ಚಳಿಯಲ್ಲಿ ಮುದುಡಿ ನಿಲ್ಲುತ್ತಾ, ಮತ್ತೆ ನಡೆಯುತ್ತಾ, ಏಳು ದಿನ ಅದೇ ಅಂಚಿನಲ್ಲಿ ಸುತ್ತಿತು. ಹುಳುಗಳು ಬಿಡುವ ರೇಷ್ಮೆಯ ಎಳೆಯೇ ಅವುಗಳ ದಾರಿ ಎಂದು ಫಾಬ್ರ್ ನಂಬಿದ್ದರು. ಮುಂದಿನ ಹುಳುವಿನ ಹಿಂಬದಿಯ ಕೂದಲಿನ ಸ್ಪರ್ಶ ಮತ್ತು ಹೊಟ್ಟೆಯ ತುದಿಯಿಂದ ನೆಲಕ್ಕೆ ತಗುಲುವ ಫೆರೋಮೋನ್ ಇವೆರಡೇ ಸಾಲನ್ನು ಹಿಡಿದಿಡುವಲ್ಲಿ ಮುಖ್ಯ, ಎಳೆಯ ಪಾತ್ರ ಕಡಿಮೆ ಎಂದು ನಂತರದ ಪ್ರಯೋಗಗಳು ತೋರಿಸಿಕೊಟ್ಟವು.

ತಕ್ಕ ಜಾಗ ಸಿಕ್ಕೊಡನೆ ಹುಳುಗಳು ಒಂದೆಡೆ ಗುಂಪಾಗಿ, ಸಾಮಾನ್ಯವಾಗಿ 5ರಿಂದ 20 ಸೆಂಟಿಮೀಟರ್ ಆಳಕ್ಕೆ ಕೊರೆದು ಇಳಿದು, ಪ್ರತಿಯೊಂದೂ ತನ್ನದೇ ಗೂಡನ್ನು ನೇಯ್ದು ಅದರೊಳಗೆ ಕೋಶವಾಗುತ್ತದೆ. ನಾನು ಆರಂಭದಲ್ಲಿ ಹೇಳಿದ ಮಣ್ಣಿನೊಳಗಿನ ಅವಧಿ ಇಲ್ಲಿಂದ ಶುರು. ಕೋಶ ಸುಪ್ತಾವಸ್ಥೆಗೆ ಜಾರುತ್ತದೆ, ಒಳಗಿನ ಬೆಳವಣಿಗೆ ನಿಲ್ಲುತ್ತದೆ. ಪತಂಗವಾಗಿ ಹೊರಬರಲು ಸುಮಾರು ಒಂದು ತಿಂಗಳಿದೆ ಎನ್ನುವಾಗ ಮಾತ್ರ ಬೆಳವಣಿಗೆ ಮತ್ತೆ ಆರಂಭವಾಗುತ್ತದೆ. ಬೆಟ್ಟದ ಮೇಲಿನ ತಣ್ಣನೆಯ ಕಾಡಿನಲ್ಲಿ ಹುಳು ನಿಧಾನವಾಗಿ ಬೆಳೆಯುವುದರಿಂದ ಮೆರವಣಿಗೆ ವಸಂತಕ್ಕೆ ಮುಂದೂಡಲ್ಪಡುತ್ತದೆ. ಆದರೂ ಅಲ್ಲಿನ ಪತಂಗಗಳು ಜೂನ್, ಜುಲೈ ತಿಂಗಳಲ್ಲೇ ಹಾರುತ್ತವೆ, ಏಕೆಂದರೆ ಮುಂದಿನ ಮರಿಗಳು ಚಳಿ ಬರುವುದರೊಳಗೆ ಸಾಕಷ್ಟು ಬೆಳೆದಿರಬೇಕು. ಕರಾವಳಿಯ ಬೆಚ್ಚನೆಯ ತೋಪಿನಲ್ಲಿ ಹುಳುಗಳು ಜನವರಿ, ಫೆಬ್ರವರಿಯಲ್ಲೇ ಮಣ್ಣು ಸೇರಿದರೂ ಪತಂಗಗಳು ಹಾರುವುದು ಆಗಸ್ಟಿನಲ್ಲೋ ಅದರಾಚೆಗೋ, ಏಕೆಂದರೆ ಎಳೆಯ ಮರಿಗಳು ಸುಡುಬಿಸಿಲಿಗೆ ಸಿಕ್ಕಬಾರದು. ಒಂದು ಕಡೆ ಮಣ್ಣಿನೊಳಗಿನ ಅವಧಿ ಎರಡು ಮೂರು ತಿಂಗಳಿಗೆ ಕುಗ್ಗಿದೆ, ಇನ್ನೊಂದು ಕಡೆ ಆರೇಳು ತಿಂಗಳಿಗೆ ಹಿಗ್ಗಿದೆ. ಎರಡು ಕಡೆಯೂ ಚಕ್ರ ಮಾತ್ರ ಒಂದೇ ವರ್ಷದಲ್ಲಿ ಮುಗಿಯುತ್ತದೆ. ಈ ಹೊಂದಾಣಿಕೆಯನ್ನು ಮೊದಲ ಬಾರಿಗೆ ಓದಿ ಅರ್ಥಮಾಡಿಕೊಂಡಾಗ ನನಗಾದ ಬೆರಗು ಇಂದಿಗೂ ಕಡಿಮೆಯಾಗಿಲ್ಲ.

ಈ ಕಾಲಪಟ್ಟಿ ಪೂರ್ತಿ ತಿರುಗಿಬಿದ್ದ ಒಂದು ಉದಾಹರಣೆಯೂ ಇದೆ. ಪೋರ್ಚುಗಲ್ಲಿನ ಲೈರಿಯ ಎಂಬಲ್ಲಿನ ಕಡಲತೀರದ ಪೈನ್ ಕಾಡಿನಲ್ಲಿ 1997ರಲ್ಲಿ ಬೇಸಿಗೆಯಲ್ಲಿ ಬೆಳೆಯುವ ಹುಳುಗಳು ಕಾಣಿಸಿಕೊಂಡವು. ಅವುಗಳ ಪತಂಗಗಳು ವಸಂತದ ಕೊನೆಗೆ ಹಾರುತ್ತವೆ, ಹುಳುಗಳು ಶರತ್ಕಾಲಕ್ಕೆ ಮುನ್ನವೇ ಬೆಳೆದು ಮಣ್ಣು ಸೇರುತ್ತವೆ. ಅದೇ ಕಾಡಿನಲ್ಲಿ ಚಳಿಗಾಲದ ಹುಳುಗಳೂ ಇವೆ. ಪ್ರಭೇದ ಒಂದೇ, ಕಾಡೂ ಒಂದೇ. ಆದರೆ ಹಾರುವ ಕಾಲ ಬೇರೆಯಾದ್ದರಿಂದ ಎರಡು ಗುಂಪುಗಳ ನಡುವೆ ಕೂಡುವಿಕೆ ಹೆಚ್ಚುಕಡಿಮೆ ನಿಂತೇಹೋಗಿದೆ.

ಈ ಪತಂಗದ ನೆಲೆಯ ಗಡಿಯನ್ನು ಚಳಿಯೇ ಗೀಚಿದ್ದರಿಂದ, ಚಳಿ ಕಡಿಮೆಯಾದಂತೆ ಗಡಿಯೂ ಸರಿದಿದೆ. ಪ್ಯಾರಿಸ್ ಸುತ್ತಲ ಬಯಲಿನಲ್ಲಿ 1972ರಿಂದ 2004ರ ನಡುವೆ ಅದು 87 ಕಿಲೋಮೀಟರ್ ಉತ್ತರಕ್ಕೆ ಹೋಯಿತು. ಇಟಲಿಯ ಆಲ್ಪ್ಸ್ ಪರ್ವತಗಳಲ್ಲಿ 1975ರಿಂದ 2004ರ ನಡುವೆ 110ರಿಂದ 230 ಮೀಟರ್ ಮೇಲಕ್ಕೇರಿತು. 2003ರ ಬಿಸಿ ಬೇಸಿಗೆಯಲ್ಲಿ ಪರ್ವತಗಳ ರಾತ್ರಿಗಳೂ ಬೆಚ್ಚಗಾಗಿ, ಹಾರಲು ಬೇಕಾದ ಉಷ್ಣತೆ ಹೆಣ್ಣುಗಳಿಗೆ ಸಿಕ್ಕಿದ್ದರಿಂದ ಒಂದೇ ವರ್ಷದಲ್ಲಿ ದೊಡ್ಡ ಜಿಗಿತವಾಯಿತು. ಇದರ ಜೊತೆಗೆ ಮನುಷ್ಯರ ಪಾಲೂ ಇದೆ: ಅಲಂಕಾರಕ್ಕೆಂದು ಬೇರು ಮಣ್ಣಿನ ಸಮೇತ ಸಾಗಿಸಿದ ದೊಡ್ಡ ಮರಗಳ ಮಣ್ಣಿನಲ್ಲಿ ಕೋಶಗಳೂ ಪ್ರಯಾಣ ಮಾಡಿ, ಮುಖ್ಯ ನೆಲೆಯಿಂದ ಬಹುದೂರದಲ್ಲಿ ಹೊಸ ಗುಂಪುಗಳು ಹುಟ್ಟಿಕೊಂಡಿವೆ.

ಕೊನೆಯದಾಗಿ, ಗೂಡುಗಳೇ ಇಲ್ಲದ ತೋಪಿನಲ್ಲಿ ಅವು ಮತ್ತೆ ತುಂಬಿಕೊಳ್ಳುವ ಪ್ರಶ್ನೆ. ಮಣ್ಣಿಗಿಳಿದ ಕೋಶಗಳೆಲ್ಲ ಅದೇ ಬೇಸಿಗೆಯಲ್ಲಿ ಪತಂಗಗಳಾಗುವುದಿಲ್ಲ. ಒಂದು ಪಾಲು ಸುಪ್ತಾವಸ್ಥೆಯಲ್ಲೇ ಮುಂದುವರಿದು ಎರಡನೆಯ, ಮೂರನೆಯ, ಕೆಲವೊಮ್ಮೆ ಇನ್ನೂ ನಂತರದ ವರ್ಷಗಳಲ್ಲಿ ಹೊರಬರುತ್ತದೆ. ಒಂದು ಚಳಿಗಾಲ ತುಂಬ ಕಟುವಾಗಿ ಮರದ ಮೇಲಿನ ಹುಳುಗಳೆಲ್ಲ ಸತ್ತರೂ, ಹಿಂದಿನ ವರ್ಷಗಳ ಕೋಶಗಳು ಮಣ್ಣಿನಲ್ಲಿ ಇಡುಗಂಟಿನಂತೆ ಉಳಿದಿರುತ್ತವೆ. ಅವುಗಳಲ್ಲಿ ಸಾಕಷ್ಟು ಕೋಶಗಳು ಒಟ್ಟಿಗೇ ಒಡೆದ ವರ್ಷ, ಹೊರಗಿನಿಂದ ಒಂದು ಪತಂಗವೂ ಬಾರದಿದ್ದರೂ, ತೋಪಿನ ಕೊಂಬೆಗಳಲ್ಲಿ ಗೂಡುಗಳು ಮತ್ತೆ ಕಾಣಿಸುತ್ತವೆ. ಉದ್ದನೆಯ ಕೊಕ್ಕಿನಿಂದ ನೆಲ ಕೆದಕುವ ಚಂದ್ರಮುಕುಟ ಹಕ್ಕಿ ಈ ಕೋಶಗಳನ್ನು ಹೆಕ್ಕಿ ತಿನ್ನುತ್ತದೆ; ಕೆಲವು ನೊಣಗಳ ಮತ್ತು ಕಣಜಗಳ ಮರಿಗಳು ಕೋಶದೊಳಗೇ ಬೆಳೆದು ಅದನ್ನು ಮುಗಿಸುತ್ತವೆ. ಮನುಷ್ಯರ ಉಪಾಯಗಳೆಲ್ಲ ಇತರ ಹಂತಗಳಿಗೆ ಸಂಬಂಧಿಸಿದವು. ಬೇಸಿಗೆಯಲ್ಲಿ ಫೆರೋಮೋನ್ ಬೋನು, ಶರತ್ಕಾಲದಲ್ಲಿ ಎಳೆಯ ಹುಳುಗಳ ಮೇಲೆ ಬಿ.ಟಿ. (ಬ್ಯಾಸಿಲಸ್ ಥುರಿಂಜಿಯೆನ್ಸಿಸ್) ಎಂಬ, ಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದ ಸಿಂಪಡಣೆ, ಚಳಿಗಾಲದಲ್ಲಿ ಮೈಮುಚ್ಚಿಕೊಂಡು ಗೂಡುಗಳನ್ನು ಕತ್ತರಿಸುವುದು, ಹುಳುಗಳು ಇಳಿಯುವ ಮುನ್ನ ಕಾಂಡಕ್ಕೆ ಪಟ್ಟಿ ಕಟ್ಟಿ ಅವನ್ನು ಚೀಲಕ್ಕೆ ಬೀಳಿಸುವುದು, ಇವೆಲ್ಲ ಉಪಯುಕ್ತವೇ. ಮೆರವಣಿಗೆ ಮುಗಿದ ಮೇಲೆ ಗೂಡನ್ನು ಕತ್ತರಿಸಿದರೆ ಮಾತ್ರ ಖಾಲಿ ಗೂಡಿನ ನವೆಗೂದಲಷ್ಟೇ ಕೈಗೆ ಹತ್ತುತ್ತದೆ. ಸರಿಯಾದ ಕಾಲದಲ್ಲಿ ಈ ಕೆಲಸಗಳನ್ನು ಮಾಡಿ ಒಂದು ವರ್ಷ ತೋಪನ್ನು ಪೂರ್ತಿ ಶುಚಿಗೊಳಿಸಿದವರೂ ಅಲ್ಲಿಗೇ ಕೈಬಿಡದೆ, ಮುಂದಿನ ಮೂರು ನಾಲ್ಕು ವರ್ಷ ಪ್ರತಿ ಬೇಸಿಗೆಯ ಕೊನೆಯಲ್ಲಿ ಹಳದಿಗೆ ತಿರುಗಿದ ಸೂಜಿಯೆಲೆಗಳನ್ನು ಹುಡುಕುತ್ತಿರಬೇಕು.